ಮತ ಹುಟ್ಟೂರಿನದೋ, ಇರುವ ಊರಿನದೋ?

2025ರ ನವೆಂಬರ್‌ನಲ್ಲಿ ತಮಿಳುನಾಡಿನ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಎಸ್‌ಐಆರ್ ಶುರುವಾದಾಗ ಮತಗಟ್ಟೆ ಅಧಿಕಾರಿ ಮಣಲಿಯ ನಮ್ಮ ಮನೆಗೂ ಬಂದಿದ್ದರು. ಪಟ್ಟಿ ತಿರುವಿ ನೋಡಿ, ನಿಮ್ಮ ಹೆಸರಿಲ್ಲ ಸಾರ್ ಎಂದು ತಮಿಳಿನಲ್ಲಿ ಹೇಳಿ ಪಕ್ಕದ ಮನೆಗೆ ಹೋದರು. ನಾನು ಇಲ್ಲಿಗೆ ಬಂದು ಆರು ವರ್ಷವಾಯಿತು. ಹೆಸರು ಮಾತ್ರ ಇನ್ನೂ ತಿಪಟೂರಿನಲ್ಲಿದೆ.

ಇದ್ದೂ ಏನು ಪ್ರಯೋಜನ? 2024ರ ಲೋಕಸಭಾ ಚುನಾವಣೆಯಲ್ಲಿ ಚೆನ್ನೈ ಏಪ್ರಿಲ್ 19ರಂದು ಮತ ಹಾಕಿತು, ತುಮಕೂರು ಕ್ಷೇತ್ರ ಏಪ್ರಿಲ್ 26ರಂದು. ಮೊದಲ ದಿನ ನನಗೆ ಹಕ್ಕಿರಲಿಲ್ಲ. ಎರಡನೆಯ ದಿನ ಕಚೇರಿಯ ಕೆಲಸ ಬಿಟ್ಟು ಹೋಗಲಾಗಲಿಲ್ಲ.

1950ರ ಜನಪ್ರತಿನಿಧಿ ಕಾಯ್ದೆಯ ಪ್ರಕಾರ, ನಾವು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತೇವೋ ಅಲ್ಲಿ ಮತದಾರರು. ಊರಲ್ಲಿ ಸ್ವಂತ ಮನೆ ಇದೆ ಎಂಬ ಒಂದೇ ಕಾರಣ ಸಾಲದು. ಕೆಲವು ತಿಂಗಳ ಮಟ್ಟಿಗೆ ಹೊರಗೆ ಹೋದವರ ಹಕ್ಕು ಅದರಿಂದಲೇ ಹೋಗುವುದಿಲ್ಲ. ಆದರೆ ಸಂಸಾರ ಸಮೇತ ವರ್ಷಗಟ್ಟಲೆ ಬೇರೆ ಕಡೆ ಇರುವ ನನ್ನಂಥವರಿಗೆ ಆ ಮಾತು ಅನ್ವಯಿಸುವುದು ಕಷ್ಟ. ಇನ್ನು ಎರಡೂ ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ನೋಂದಣಿಗಾಗಿ ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ ಆಗಬಹುದು.

ವಿಚಿತ್ರವೆಂದರೆ, ಭಾರತದ ಪೌರತ್ವ ಉಳಿಸಿಕೊಂಡು ದುಬೈನಲ್ಲಿರುವ ತಿಪಟೂರಿನವರು ನಮೂನೆ 6ಎ ಕೊಟ್ಟು, ಪಾಸ್‌ಪೋರ್ಟ್‌ನಲ್ಲಿರುವ ಊರಿನ ವಿಳಾಸದಲ್ಲೇ ಮತದಾರರಾಗಬಹುದು. ಮತ ಹಾಕಲು ಮಾತ್ರ ಖುದ್ದಾಗಿ ಬರಬೇಕು. ಚೆನ್ನೈಗೆ ಬಂದವನಿಗೆ ಅಂಥ ಅವಕಾಶವಿಲ್ಲ. ಅಂಚೆ ಮತ ಸೈನಿಕರು, ಚುನಾವಣಾ ಸಿಬ್ಬಂದಿಯಂಥ ಕೆಲವರಿಗಷ್ಟೇ. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ಮತ ಪಡೆಯಬಲ್ಲ ಯಂತ್ರವನ್ನು ತೋರಿಸಲು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳನ್ನು ಕರೆಯಿತು. ವಿರೋಧ ಪಕ್ಷಗಳು ಒಪ್ಪಲಿಲ್ಲ. ಯಂತ್ರ ಮಾಡುವುದು ದೊಡ್ಡ ಕಷ್ಟವಲ್ಲ ಎಂದು ನನ್ನ ವೃತ್ತಿಯವರು ಹೇಳಬಹುದು. ಆದರೆ ದೂರದ ಮತಗಟ್ಟೆಯಲ್ಲಿ ಇಷ್ಟೊಂದು ಕ್ಷೇತ್ರಗಳ ಅಭ್ಯರ್ಥಿಗಳ ಏಜೆಂಟರು ಕೂರುವುದು ಹೇಗೆ, ನೀತಿ ಸಂಹಿತೆ ಬೇರೆ ರಾಜ್ಯದಲ್ಲಿ ಜಾರಿಯಾಗುವುದು ಹೇಗೆ? ಈ ಪ್ರಶ್ನೆಗಳಿಗೆ ಸಾಫ್ಟ್‌ವೇರ್‌ನಲ್ಲಿ ಉತ್ತರವಿಲ್ಲ.

ಹಾಗಾಗಿ ವಿಳಾಸ ಬದಲಾವಣೆಗೆ ನಮೂನೆ 8 ತುಂಬಿದೆ. ಸುದ್ದಿ ಕೇಳಿ ಅಮ್ಮ, 'ಹಂಗಾದ್ರೆ ನೀನು ನಮ್ಮೂರಿನವನೇ ಅಲ್ಲ ಅಂತಾಯ್ತೇನೋ?' ಎಂದರು. ಮತದಾರರ ಪಟ್ಟಿಗೂ ಪಹಣಿಗೂ ಸಂಬಂಧವಿಲ್ಲಮ್ಮ, ತೋಟ ಎಲ್ಲೂ ಹೋಗಲ್ಲ ಎಂದೆ. ಅವರು ಕೇಳಿದ್ದು ತೋಟದ ಮಾತಲ್ಲವೆಂದು ನನಗೂ ಗೊತ್ತಿತ್ತು.

ಆದರೂ ನನ್ನ ಮಗಳು ಉಸಿರಾಡುವುದು ಮಣಲಿಯ ಕಾರ್ಖಾನೆಗಳ ನಡುವಿನ ಗಾಳಿ. ಮಳೆಗಾಲದಲ್ಲಿ ನೀರು ನಿಲ್ಲುವುದು ಈ ಬೀದಿಯಲ್ಲಿ. ಚೆನ್ನೈ ಪಾಲಿಕೆಯ ಚುನಾವಣೆಗೂ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರ. ಇವುಗಳ ಬಗ್ಗೆ ಕೌನ್ಸಿಲರ್‌ನನ್ನು ಕೇಳಬೇಕಾದರೆ ನಾನು ಇಲ್ಲಿನ ಮತದಾರನಾಗಿರಬೇಕು.

ಹೊರನಾಡಿನಲ್ಲಿರುವ ನೀವೂ ಒಮ್ಮೆ ಆಯೋಗದ ಜಾಲತಾಣದಲ್ಲಿ ನಿಮ್ಮ ಹೆಸರು ಎಲ್ಲಿದೆ ನೋಡಿ. ಎರಡು ಕಡೆ ಇದ್ದರೆ ಒಂದನ್ನು ತೆಗೆಸಿ. ಎಲ್ಲೂ ಇಲ್ಲದಿದ್ದರೆ, ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ.