ಕೂಸಿನ ತಲೆಯೊಳಗಿನ ನೀರುಗಂಟಿ

ನಮ್ಮ ಬೀದಿಯ ಮನೆಯೊಂದರಲ್ಲಿ ಎಂಟು ತಿಂಗಳು ತುಂಬುವ ಮೊದಲೇ ಕೂಸು ಹುಟ್ಟಿತು. ದಾವಣಗೆರೆಯ ಆಸ್ಪತ್ರೆಯಲ್ಲಿ ಇಟ್ಟಿದ್ದರು. ನೋಡಲು ಹೋದಾಗ ಅದರ ಅಜ್ಜಿ ನನ್ನ ಕೈ ಹಿಡಿದು, "ಸೂಜಿ ಚುಚ್ಚಿದಾಗೆಲ್ಲ ಅಳುತ್ತದೆ. ಒಂದಿಷ್ಟು ನಿದ್ದೆ ಔಷಧಿ ಕೊಟ್ಟು ಮಲಗಿಸಬಾರದೇ?" ಎಂದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಮಕ್ಕಳೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಗದ್ದೆಗೆ ನಾಲೆಯಿಂದ ನೀರು ಬಿಡುವುದನ್ನು ನೋಡಿದ್ದೀರಿ. ಜಗಳೂರಿನವರು ಕೆರೆಯ ತೂಬು ನೋಡಿರುತ್ತೀರಿ. ಹಿಂದೆ ತೂಬು ಕಾಯಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ನೀರು ಕಡಿಮೆಯಾದರೆ ತೂಬು ಹಿಗ್ಗಿಸುವುದು, ಹೆಚ್ಚಾದರೆ ಕುಗ್ಗಿಸುವುದು ಅವನ ಕೆಲಸ.

ನಮ್ಮ ಮಿದುಳಿನ ರಕ್ತನಾಳಗಳೂ ಹಾಗೆಯೇ. ರಕ್ತದ ಒತ್ತಡ ಇಳಿದರೆ ಹಿಗ್ಗುತ್ತವೆ, ಏರಿದರೆ ಕುಗ್ಗುತ್ತವೆ. ಮಿದುಳಿಗೆ ರಕ್ತ ಒಂದೇ ಸಮನೆ ಹರಿಯುತ್ತದೆ. ಆದರೆ 37 ವಾರ ತುಂಬುವ ಮೊದಲೇ, ಅದರಲ್ಲೂ ಬಹಳ ಬೇಗ ಹುಟ್ಟಿದ ಕೂಸಿನ ನೀರುಗಂಟಿ ಇನ್ನೂ ಕೆಲಸ ಕಲಿಯುತ್ತಿರುತ್ತಾನೆ. ಮಿಡಜೋಲಾಮ್‌ನಂಥ ನಿದ್ದೆ ಔಷಧಿ ರಕ್ತದ ಒತ್ತಡ ಇಳಿಸಬಲ್ಲದು. ಆಗ ಮಿದುಳಿಗೆ ರಕ್ತ ಸಾಲದೆ ಹೋಗಬಹುದು. ಮತ್ತೆ ಒಮ್ಮೆಲೇ ಹೆಚ್ಚು ರಕ್ತ ನುಗ್ಗಿದರೆ ಎಳೆಯ ನಾಳ ಒಡೆಯಲೂಬಹುದು.

ಹಾಗೆಂದು ನೋವನ್ನು ಕಡೆಗಣಿಸುವಂತಿಲ್ಲ. ಎಳೆಗೂಸಿಗೆ ನೋವು ತಿಳಿಯದು ಎಂದು ವೈದ್ಯರೇ ನಂಬಿದ್ದ ಕಾಲವಿತ್ತು. ಅದು ತಪ್ಪೆಂದು 1987ರಲ್ಲಿ ತೋರಿಸಿಕೊಟ್ಟವರಲ್ಲಿ ಇಂದೋರಿನಲ್ಲಿ ವೈದ್ಯಕೀಯ ಓದಿದ ಡಾ. ಆನಂದ್ ಮುಖ್ಯರು. ಶಸ್ತ್ರಚಿಕಿತ್ಸೆಯಂಥ ಸಂದರ್ಭದಲ್ಲಿ ವೈದ್ಯರು ಔಷಧಿಯನ್ನು ಅಳೆದು ಕೊಡುತ್ತಾರೆ, ಒತ್ತಡದ ಮೇಲೆ ಕಣ್ಣಿಡುತ್ತಾರೆ. ನೆತ್ತಿಯ ಮೆತ್ತನೆ ಜಾಗದಿಂದ ಸ್ಕ್ಯಾನ್ ಮಾಡಿ ಮಿದುಳಿನ ರಕ್ತದ ಹರಿವನ್ನೂ ನೋಡಬಲ್ಲರು.

ಸಣ್ಣ ಸೂಜಿನೋವಿಗೆ ಬೇರೆ ಮದ್ದಿದೆ: ತಾಯಿಯ ಹಾಲು, ತಾಯಿಯ ಎದೆ. ಕೂಸನ್ನು ಬರಿಮೈಗೆ ಅಪ್ಪಿಸಿಕೊಳ್ಳುವ ಕಾಂಗರೂ ಆರೈಕೆ 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಶುರುವಾಯಿತು. ಈಗ ನಮ್ಮಲ್ಲೂ ಇದೆ. ತಾಯಿಗೆ ಆಗದಿದ್ದಾಗ ಅಪ್ಪ, ಅಜ್ಜಿಯೂ ಅಪ್ಪಿಕೊಳ್ಳಬಹುದು.

ಅಜ್ಜಿಯರೇ, ಕೂಸು ಮನೆಗೆ ಬಂದ ಮೇಲೂ ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸಬೇಡಿ. ವೈದ್ಯರು ಹೇಳದ ಯಾವ ಸಿರಪ್ಪೂ ಬೇಡ. ಮಕ್ಕಳೇ, ನೀವು ಕೈ ತೊಳೆದೇ ಕೂಸನ್ನು ಮುಟ್ಟಿ. ನೆಗಡಿಯಿದ್ದರೆ ದೂರದಿಂದಲೇ ನೋಡಿ.

ಮರುವಾರ ಹೋದಾಗ ಆ ಕೂಸು ಅಜ್ಜಿಯ ಎದೆಯ ಮೇಲೆಯೇ ನಿದ್ದೆ ಹೋಗಿತ್ತು. ಅಜ್ಜಿ ತುಟಿಯ ಮೇಲೆ ಬೆರಳಿಟ್ಟು, ಮಾತಾಡಬೇಡ ಎಂದು ಸನ್ನೆ ಮಾಡಿದರು.