ಮೆಚ್ಚಿದೆವು ಎಂದರೆ ಸಾಕೆ?

ನಾಟಕವನ್ನಾಗಲಿ ಚಲನಚಿತ್ರವನ್ನಾಗಲಿ ನೋಡಿ, ಅಭಿಪ್ರಾಯ ಹೇಳದೆ ಸುಮ್ಮನಿರುವವರು ವಿರಳ. ದುಡ್ಡು ತೆತ್ತು ನೋಡಿದವನಿಗೂ, ಮನೆಯ ಪಡಸಾಲೆಯಲ್ಲಿ ಕುಳಿತು ನೋಡಿದವನಿಗೂ ಈ ಹಕ್ಕು ಸಮನಾಗಿಯೇ ಉಂಟು. ಆದರೆ ಹಕ್ಕಿನೊಡನೆ ಹೊಣೆಯೂ ಒಂದಿದೆ. ಆ ಹೊಣೆ ಯಾವುದೆಂದು ವಿಚಾರಮಾಡಲು ದೂರದ ಅಮೆರಿಕೆಯ ನಿದರ್ಶನವೊಂದು ನಮಗೆ ಒದಗಿಬರುತ್ತದೆ. ಟೆಲಿವಿಷನ್ನಿಗೆಂದೇ ತಯಾರಾದ 'ಲೋನ್ಸಮ್ ಡವ್' ಎಂಬ ಚಿತ್ರವನ್ನು ಅಲ್ಲಿಯ ಪ್ರೇಕ್ಷಕರು ಮೆಚ್ಚಿಕೊಂಡ ಬಗೆಯೇ ಆ ನಿದರ್ಶನ.

ಅಮೆರಿಕೆಯ ಪಶ್ಚಿಮ ಸೀಮೆಯ ಬಯಲು, ಕುದುರೆ ಸವಾರರು, ದನಗಾಹಿಗಳು, ಬಂದೂಕು ಇವುಗಳೇ ವಸ್ತುವಾದ ಚಿತ್ರಗಳಿಗೆ 'ವೆಸ್ಟರ್ನ್' ಎಂದು ಹೆಸರು. ಲ್ಯಾರಿ ಮೆಕ್‌ಮರ್ಟ್ರಿ ಎಂಬ ಲೇಖಕರು 1970ರ ದಶಕದ ಆರಂಭದಲ್ಲಿ ಅಂತಹದೊಂದು ಚಿತ್ರಕಥೆಯನ್ನು ಸಿದ್ಧಪಡಿಸಿದ್ದರು. ಜಾನ್ ವೇಯ್ನ್, ಜೇಮ್ಸ್ ಸ್ಟೂವರ್ಟ್, ಹೆನ್ರಿ ಫೋಂಡಾ ಎಂಬ ಮೂವರು ಹಿರಿಯ ನಟರು ಅದರಲ್ಲಿ ಅಭಿನಯಿಸಬೇಕೆಂದಿತ್ತು. ವೇಯ್ನ್ ಒಪ್ಪಲಿಲ್ಲ, ಚಿತ್ರ ನಿಂತಿತು. ಮೆಕ್‌ಮರ್ಟ್ರಿಯವರು ಅದೇ ಕಥೆಯನ್ನು ಬೆಳೆಸಿ 1985ರಲ್ಲಿ ದೊಡ್ಡದೊಂದು ಕಾದಂಬರಿಯಾಗಿ ಪ್ರಕಟಿಸಿದರು. ಅದಕ್ಕೆ 1986ರಲ್ಲಿ ಪುಲಿಟ್ಜರ್ ಪಾರಿತೋಷಕ ದೊರೆಯಿತು. 1989ರ ಫೆಬ್ರವರಿ 5ರಿಂದ 8ರವರೆಗೆ, ನಾಲ್ಕು ರಾತ್ರಿಗಳ ಕಾಲ, ಸಿ.ಬಿ.ಎಸ್. ಸಂಸ್ಥೆಯು ಅದನ್ನು ಟೆಲಿವಿಷನ್ ಚಿತ್ರವಾಗಿ ಪ್ರಸಾರಮಾಡಿತು. ನಿರ್ದೇಶಕರು ಆಸ್ಟ್ರೇಲಿಯದ ಸೈಮನ್ ವಿನ್ಸರ್. ಮುಖ್ಯ ಪಾತ್ರಧಾರಿಗಳು ರಾಬರ್ಟ್ ಡುವಾಲ್ ಮತ್ತು ಟಾಮಿ ಲೀ ಜೋನ್ಸ್. ವೆಸ್ಟರ್ನ್ ಚಿತ್ರಗಳ ಕಾಲ ಮುಗಿಯಿತೆಂದು ಎಲ್ಲರೂ ತಿಳಿದಿದ್ದ ಆ ಹೊತ್ತಿನಲ್ಲಿ ಕೋಟ್ಯಂತರ ಜನ ಅದನ್ನು ನೋಡಿದರು. ಏಳು ಎಮ್ಮಿ ಪಾರಿತೋಷಕಗಳೂ ಅದಕ್ಕೆ ಬಂದವು.

ಕಥೆ ಸರಳವಾದುದು. ಟೆಕ್ಸಸ್ಸಿನ ರೇಂಜರ್ ದಳದಲ್ಲಿದ್ದು ವಿಶ್ರಾಂತರಾದ ಗಸ್ ಮತ್ತು ವುಡ್ರೋ ಎಂಬ ಇಬ್ಬರು ಮಿತ್ರರು ದನಗಳ ದೊಡ್ಡ ಮಂದೆಯನ್ನು ಉತ್ತರದ ಮೊಂಟಾನಾ ಸೀಮೆಗೆ ಹೊಡೆದುಕೊಂಡು ಹೋಗುತ್ತಾರೆ. ಗಸ್ ಮಾತುಗಾರ, ರಸಿಕ. ವುಡ್ರೋ ಮೌನಿ, ಹಠವಾದಿ. ಹೊಳೆ ದಾಟುವಾಗ ಎಳೆಯ ಹುಡುಗನೊಬ್ಬ ವಿಷದ ಹಾವುಗಳಿಗೆ ಬಲಿಯಾಗುತ್ತಾನೆ. ಕೊಲೆಗಡುಕರ ಸಹವಾಸಕ್ಕೆ ಬಿದ್ದ ಹಳೆಯ ಗೆಳೆಯನನ್ನು ಈ ಮಿತ್ರರೇ ಗಲ್ಲಿಗೇರಿಸುತ್ತಾರೆ. ಕಡೆಗೆ ಗಸ್‌ನೂ ಬಾಣದ ಗಾಯದಿಂದ ಮಡಿಯುತ್ತಾನೆ. ಕೊಟ್ಟ ಮಾತಿಗೆ ಕಟ್ಟುಬಿದ್ದು ವುಡ್ರೋ ಅವನ ಶವವನ್ನು ಅಷ್ಟು ದೂರದಿಂದ ಟೆಕ್ಸಸ್ಸಿಗೆ ತಂದು ಹೂಳುತ್ತಾನೆ. ಇದಕ್ಕೆ ಚರಿತ್ರೆಯ ಆಧಾರವೂ ಉಂಟು. 1867ರಲ್ಲಿ ಮಡಿದ ಆಲಿವರ್ ಲವಿಂಗ್ ಎಂಬವರ ಶವವನ್ನು ಅವರ ಪಾಲುಗಾರ ಚಾರ್ಲ್ಸ್ ಗುಡ್‌ನೈಟ್ ಹೀಗೆಯೇ ಟೆಕ್ಸಸ್ಸಿಗೆ ತರಿಸಿದ್ದರು.

ಪ್ರೇಕ್ಷಕರು ಕಂಡದ್ದೇನು? ಅವರು ಕಂಡದ್ದು ಸ್ನೇಹ, ಸಾಹಸ, ಕೊಟ್ಟ ಮಾತನ್ನು ನಡೆಸಿದ ಗಂಡಸುತನ, ಕಣ್ಣು ತುಂಬುವ ಬಯಲು. ಗಸ್‌ನ ಮಾತುಗಳನ್ನು ಬಾಯಿಪಾಠಮಾಡಿದರು. ಈ ಚಿತ್ರದ ಉಡುಪುಗಳನ್ನೂ ಸಾಮಗ್ರಿಗಳನ್ನೂ ಟೆಕ್ಸಸ್ಸಿನ ವಿಶ್ವವಿದ್ಯಾನಿಲಯವೊಂದರ ಸಂಗ್ರಹಾಲಯದಲ್ಲಿ ಇಂದಿಗೂ ಕಾಪಾಡಿಡಲಾಗಿದೆ. ಆದರೆ ಲೇಖಕರ ಮನಸ್ಸು ಬೇರೆಯಾಗಿತ್ತು. ಕ್ರೂರವಾದ ಕಾಲವನ್ನೂ ಒರಟು ಜನರನ್ನೂ ಚಿತ್ರಿಸಿದೆನೆಂದು ತಾವು ನಂಬಿದ್ದರೆ, ಲೋಕವು ಅದನ್ನು ಆದರ್ಶದ ಪಟವೆಂದು ಬಗೆಯಿತೆಂದು ಅವರು ಮುಂದೆ ಬರೆದುಕೊಂಡರು.

ಇವರಿಬ್ಬರಲ್ಲಿ ಯಾರ ಮಾತು ನಿಜ? ಬರೆದವನು ಹೇಳಿದ್ದೇ ಕಡೆಯ ಮಾತೆಂದು ನಾವು ಒಪ್ಪಲಾರೆವು. ಕೃತಿ ಹೊರಬಂದ ಮೇಲೆ ಅದು ಸಹೃದಯನದು. ಅಲ್ಲದೆ ಚಿತ್ರದ ಮಧುರ ಸಂಗೀತವೂ ಡುವಾಲರ ಸೊಗಸಾದ ಅಭಿನಯವೂ ಪ್ರೇಕ್ಷಕನನ್ನು ಅತ್ತಲೇ ಎಳೆಯುತ್ತವೆ. ಆದರೆ ಮೆಚ್ಚುವ ಭರದಲ್ಲಿ ಕಣ್ಣೆದುರಿಗೆ ಇದ್ದುದನ್ನೇ ಕಾಣದೆ ಹೋದರೆ, ಅದು ಅಭಿಪ್ರಾಯವಲ್ಲ; ಅದು ಬರಿಯ ಮೋಹ.

ಆ ಮಂದೆ ಬಂದದ್ದೆಲ್ಲಿಂದ? ನಮ್ಮ ವೀರರೇ ನದಿ ದಾಟಿ ಮೆಕ್ಸಿಕೋದಿಂದ ಕದ್ದು ತಂದ ದನಗಳು ಅದರಲ್ಲಿವೆ. ಗೋಗ್ರಹಣದ ಕಥೆಯನ್ನು ಕೇಳಿ ಬೆಳೆದ ನಾವು ತುರುಗಳನ್ನು ಕದ್ದವರನ್ನು ಕೌರವರ ಪಕ್ಷದಲ್ಲಿ ನಿಲ್ಲಿಸುತ್ತೇವೆ; ಇಲ್ಲಿ ಕದ್ದವರೇ ನಾಯಕರು, ನೋಡುವವರಿಗೆ ಅದೊಂದು ವಿನೋದ! ಡೀಟ್ಸ್ ಎಂಬ ಕರಿಯ ಜನಾಂಗದ ಸಜ್ಜನನು ಹಸಿದ ಮೂಲನಿವಾಸಿಗಳ ಕುರುಡು ಮಗುವಿಗೆ ನೆರವಾಗಲು ಹೋಗಿ, ತಪ್ಪು ತಿಳಿದ ತರುಣನೊಬ್ಬನ ಈಟಿಗೆ ಸಿಕ್ಕಿ ಸಾಯುತ್ತಾನೆ. ಅವನಿಗಾಗಿ ಕಣ್ಣೀರಿಟ್ಟವರು ಉಂಟು. ಆ ಜನ ಹಸಿದದ್ದೇಕೆ ಎಂದು ಕೇಳಿದವರು ಎಷ್ಟು ಮಂದಿ? ಎಲ್ಲಕ್ಕಿಂತ ಮಿಗಿಲಾದುದು ನ್ಯೂಟ್ ಎಂಬ ಬಾಲಕನ ಸಂಗತಿ. ಅವನು ವುಡ್ರೋವಿನ ಮಗ. ಸತ್ತ ಮಿತ್ರನಿಗೆ ಕೊಟ್ಟ ಮಾತಿಗಾಗಿ ನಾಡನ್ನೇ ದಾಟಿ ಬಂದ ವುಡ್ರೋ, ಬದುಕಿರುವ ಮಗನ ಎದುರಿಗೆ ನಿಂತು "ನೀನು ನನ್ನ ಮಗ" ಎಂಬ ಒಂದು ಮಾತನ್ನು ಆಡಲಾರದೆ ಹೋಗುತ್ತಾನೆ. ಕಡೆಯಲ್ಲಿ ಪತ್ರಕರ್ತನೊಬ್ಬ ಅವನನ್ನು ದೂರದೃಷ್ಟಿಯುಳ್ಳವನೆಂದು ಹೊಗಳುವಾಗ ವುಡ್ರೋವಿನ ಬಾಯಿಂದ ಬರುವುದು ಕಹಿಯಾದ ಮಾತೊಂದೇ. ತನ್ನ ಪ್ರಯಾಣದ ಬೆಲೆಯೇನೆಂದು ಅವನಿಗೆ ಗೊತ್ತಿದೆ. ಅವನನ್ನು ಮೆಚ್ಚಿದವರು ಆ ಲೆಕ್ಕವನ್ನು ಕೂಡಿಸಿ ನೋಡಲಿಲ್ಲ.

ಬಹುಜನರ ಮೆಚ್ಚಿಕೆಗೆ ಬಲವೂ ಉಂಟೆಂಬುದು 1993ರಲ್ಲಿ ತಿಳಿದುಬಂದಿತು. ಆ ವರ್ಷ ಮೆಕ್‌ಮರ್ಟ್ರಿಯವರ ಬರವಣಿಗೆಯಿಲ್ಲದೆಯೇ ಟೆಲಿವಿಷನ್ನಿನಲ್ಲಿ ಕಥೆಯ ಮುಂದಿನ ಭಾಗವೊಂದು ಬಂದಿತು. ಅದೇ ವರ್ಷ ಲೇಖಕರು ತಮ್ಮದೇ ಆದ ಮುಂದಿನ ಕಾದಂಬರಿಯನ್ನು ಪ್ರಕಟಿಸಿದರು. ಅದರಲ್ಲಿ ನ್ಯೂಟ್ ಆಗಲೇ ಸತ್ತುಹೋಗಿದ್ದಾನೆ. ಮುದಿಯಾದ ವುಡ್ರೋ ಕೈಕಾಲು ಕಳೆದುಕೊಳ್ಳುತ್ತಾನೆ. ಪ್ರೇಕ್ಷಕರ ಮೋಹಕ್ಕೆ ಲೇಖಕರು ಕೊಟ್ಟ ಉತ್ತರವೇ ಇದೆಂದು ನಮಗೆ ತೋರುತ್ತದೆ.

ಈ ವಿಚಾರವನ್ನು ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಎತ್ತಿದ್ದೇಕೆಂದು ವಾಚಕರು ಕೇಳಬಹುದು. "ನಿಮಗೆ ಮೆಚ್ಚಿಕೆಯಾದ ಪಾತ್ರ ಯಾವುದು? ಏಕೆ?" ಎಂಬ ಪ್ರಶ್ನೆ ನಮ್ಮ ಕನ್ನಡ ಪರೀಕ್ಷೆಗಳಲ್ಲಿ ತಪ್ಪದೆ ಬರುತ್ತದೆ. ಅದಕ್ಕೆ ಗೈಡಿನಿಂದ ಎತ್ತಿದ ನಾಲ್ಕು ಗುಣವಾಚಕಗಳೇ ಉತ್ತರ. ಮನೆಯಲ್ಲಿಯೋ, ನೋಡಿದ ಚಿತ್ರವನ್ನು ಕುರಿತು "ಸೂಪರ್" ಅಥವಾ "ಬೋರ್" ಎಂದರೆ ಮಾತು ಮುಗಿಯಿತು. ಇವೆರಡರಲ್ಲಿ ಯಾವುದೂ ಮಗುವಿನ ಸ್ವಂತ ಮಾತಲ್ಲ. ತನ್ನ ಅಭಿಪ್ರಾಯಕ್ಕೆ ತನ್ನ ಭಾಷೆಯಲ್ಲಿ ಕಾರಣ ಕೊಡಲಾರದವನು ನಾಳೆ ಬೇರೆಯವರ ಅಭಿಪ್ರಾಯವನ್ನೇ ತನ್ನದೆಂದು ಹೊತ್ತು ತಿರುಗುತ್ತಾನೆ. ಕನ್ನಡವನ್ನು ಕಲಿಸುವುದೆಂದರೆ ಅಕ್ಷರವನ್ನೂ ವ್ಯಾಕರಣವನ್ನೂ ಕಲಿಸುವುದಷ್ಟೇ ಅಲ್ಲ. "ಏಕೆಂದರೆ" ಎಂಬ ಪದದ ಮುಂದೆ ಧೈರ್ಯವಾಗಿ ವಾಕ್ಯವನ್ನು ಮುಂದುವರಿಸಲು ಕಲಿಸುವುದು.

ಆದಕಾರಣ ವಿದ್ಯಾರ್ಥಿಮಿತ್ರರಿಗೆ ನಮ್ಮ ಸೂಚನೆ ಇಷ್ಟೆ. ಚಿತ್ರವನ್ನು ನೋಡಿರಿ, ಮನಸಾರೆ ಮೆಚ್ಚಿರಿ. ಆಮೇಲೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಮೆಚ್ಚಿದ್ದೇಕೆ? ನಾಯಕನ ಗೆಲುವಿಗೆ ಬೆಲೆ ತೆತ್ತವರು ಯಾರು? ಉತ್ತರವನ್ನು ಹತ್ತೇ ಸಾಲುಗಳಲ್ಲಿ ಬರೆದಿಡಿರಿ. ನಾಲ್ಕು ಜನರ ಮಾತಿಗೆ ಅದು ಹೊಂದದಿದ್ದರೂ ಚಿಂತೆಯಿಲ್ಲ.