ಹಿಡಿಯ ಮೋಹವೂ ಅಲಗಿನ ಗುಣವೂ

ಸ್ವಿಟ್ಜರ್ಲೆಂಡಿನ ಮಡಿಚುವ ಚಾಕುಗಳಲ್ಲಿ ಕಾರ್ಬನ್ ಫೈಬರಿನ ಹಿಡಿಯನ್ನೇ ಕೊಂಡಾಡುವವರು ಕಲಬುರಗಿಯ ಐವಾನ್-ಎ-ಶಾಹಿಯ ಸುಶಿಕ್ಷಿತ ಮನೆಗಳಲ್ಲಿಯೂ ಉಂಟು. ಆ ಹಿಡಿಯು ಹಗುರವೂ ದೃಢವೂ ಆದುದು, ತುಕ್ಕು ಹಿಡಿಯದು, ಮೆಚ್ಚತಕ್ಕದ್ದೇ ಸರಿ. ಆದರೆ ಹಣ್ಣನ್ನು ಕೊಯ್ಯುವುದು ಹಿಡಿಯೆ? ಉಕ್ಕಿಗೆ ಕೊಟ್ಟ ಹದ, ಅಲುಗದ ಕೀಲು, ಇವೇ ಚಾಕುವಿನ ಪ್ರಾಣ.

ಅಂತಹ ಕೌಶಲವು ನಮ್ಮವರಿಗೆ ಎಲ್ಲಿಯದು ಎಂಬುದು ಅವರ ವಾದ. ಸ್ವಿಸ್ ಸೇನೆಯೂ ತನ್ನ ಸಿಪಾಯಿಗಳ ಚಾಕುಗಳನ್ನು ಮೊದಲು ಜರ್ಮನಿಯ ಸೋಲಿಂಗೆನ್ನಿಂದಲೇ ತರಿಸಿತಷ್ಟೆ! 1884ರಲ್ಲಿ ಇಬಾಖ್ ಗ್ರಾಮದಲ್ಲಿ ಕಾರ್ಯಾಗಾರವನ್ನು ತೆರೆದ ಕಾರ್ಲ್ ಎಲ್ಸೆನರನು 1891ರಲ್ಲಿ ಸ್ವದೇಶದ ಚಾಕುವನ್ನು ಸೇನೆಗೆ ಒಪ್ಪಿಸಿದನು. ಅದಕ್ಕಾಗಿ ನಷ್ಟವನ್ನೂ ಸಹಿಸಿದನು.

ಆ ಚಾಕುವನ್ನು ಮೆಚ್ಚುವವರು ಈ ಪಾಠವನ್ನೂ ಮೆಚ್ಚಲಿ. ಊರ ಕಮ್ಮಾರನಿಂದ ಒಳ್ಳೆಯ ಅಲಗನ್ನು ಕೇಳಲಿ, ಚೌಕಾಶಿಯಿಲ್ಲದೆ ತಕ್ಕ ಬೆಲೆಯನ್ನು ಕೊಡಲಿ. ಕೊಳ್ಳುವವರಿಲ್ಲದ ಕುಲುಮೆಯಲ್ಲಿ ಕೌಶಲವು ಬೆಳೆಯದು.